ನೆರಳಿನ ಕೆಲಸ

1963ರಲ್ಲಿ ನಾನು ಅಜ್ಜಂಪುರದಲ್ಲಿ ಮಿಡ್‌ವೈಫ್ ಆಗಿದ್ದೆ. ನನ್ನದು ಬಾಯಿ ಜೋರು. ಬಸುರಿಯರಿಗೆ ಭಾರದ ಕೆಲಸ ಕೊಟ್ಟವರನ್ನು ಬೀದಿಯಲ್ಲೇ ನಿಲ್ಲಿಸಿ ದಬಾಯಿಸುತ್ತಿದ್ದೆ. ಅದರ ಬಗ್ಗೆ ಜಂಬವೂ ಇತ್ತು.

ರೈಲ್ವೆ ಸ್ಟೇಷನ್ ಬಳಿ ಒಬ್ಬ ವ್ಯಾಪಾರಿಯ ಬಿತ್ತನೆ ಬೀಜದ ಗೋಡೌನ್ ಇತ್ತು. ಅಲ್ಲಿ ಮೂಟೆ ಹೊರುತ್ತಿದ್ದ ಗಂಗಮ್ಮ ನಾಲ್ಕು ತಿಂಗಳ ಬಸುರಿ. "ನೆಳ್ಳಾಗೆ ಕುಂತ್ಕಂಡು ಮಾಡೋ ಕೆಲ್ಸ ಕೊಡ್ಸಿ ಸಿಸ್ಟರಮ್ಮ" ಎಂದಳು. ನಾನು ಗೋಡೌನಿನ ಮೇಸ್ತ್ರಿಯ ಮೇಲೆ ಹರಿಹಾಯ್ದೆ. ಮಾರನೆಯ ದಿನವೇ ಅವನು ಅವಳನ್ನು ಬೀಜಕ್ಕೆ ಔಷಧಿ ಬೆರೆಸಲು ಕೂರಿಸಿದ. ಬಸುರಿಯರಿಗೆ ಆ ಕೆಲಸ ಕೊಡುವುದು ಅಲ್ಲಿನ ವಾಡಿಕೆ. ಬೀಜಕ್ಕೆ ಬೂಷ್ಟು ಹಿಡಿಯದಂತೆ ಬೂದುಬಣ್ಣದ ಪುಡಿ ಸುರಿದು, ಮೊಣಕೈವರೆಗೆ ಕೈ ಹಾಕಿ ಕಲಸಬೇಕು. ಪುಡಿ ಹಾರದಿರಲೆಂದು ಕಿಟಕಿ ಮುಚ್ಚುತ್ತಿದ್ದರು. ಒಂದು ದಿನ ಹೋಗಿ ನೋಡಿದೆ. ಗಂಗಮ್ಮ ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತ ನಕ್ಕಳು. ನನಗೂ ಹಿಗ್ಗಾಯಿತು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು. ನನಗೆ ಓದಲು ಬರುತ್ತಿತ್ತು, ಓದಲಿಲ್ಲ.

ಶ್ರಾವಣದಲ್ಲಿ ಹೆರಿಗೆ ಮಾಡಿಸಿದವಳೂ ನಾನೇ. ಗಂಡುಮಗು. ಮೊಲೆ ಚೀಪಲಿಲ್ಲ, ಕೈಕಾಲು ಸೆಟೆದುಕೊಳ್ಳುತ್ತಿದ್ದವು. ಆರು ತಿಂಗಳಾದರೂ ಕತ್ತು ನಿಲ್ಲಲಿಲ್ಲ, ದೀಪ ತೋರಿಸಿದರೆ ಕಣ್ಣು ಹೊರಳಲಿಲ್ಲ. "ಗ್ರಹಣದಾಗೆ ಹೊರಗೋಗಿದ್ಲು ಕಣ್ರೀ, ಇವ್ಳೇ ಕೆಡಿಸಿದ್ಲು ಮಗೀನ" ಎಂದು ಗಂಗಮ್ಮನ ಅತ್ತೆ ಊರೆಲ್ಲ ಸಾರಿದಳು.

ಮಗುವನ್ನು ತರೀಕೆರೆಯ ಡಾಕ್ಟರ ಬಳಿ ಒಯ್ದೆ. ತಾಯಿಯ ಕೆಲಸವೇನೆಂದು ಕೇಳಿ, ಅವರು ಆ ಡಬ್ಬಿ ತರಿಸಿದರು. "ಪಾದರಸದ ವಿಷ. ಮೇಲೇ ಬರೆದಿದೆಯಲ್ಲಮ್ಮ! ಹೊಟ್ಟೆಯಲ್ಲಿದ್ದ ಮಗುವಿಗೂ ಇಳಿದಿದೆ ಅಂತಲೇ ನನಗನ್ನಿಸುತ್ತೆ. ಸಾಬೀತು ಮಾಡೋ ಪರೀಕ್ಷೆ ಮಾತ್ರ ಇಲ್ಲಿಲ್ಲ" ಎಂದರು. ಮಗು ಸರಿಹೋಗುವುದಿಲ್ಲವೆಂದೂ ಹೇಳಿದರು.

ಗಂಗಮ್ಮನಿಗೆ ಎಲ್ಲ ತಿಳಿಸಿದೆ. ಅವಳು ನನ್ನನ್ನು ಬಯ್ಯಲಿಲ್ಲ. "ಇದ್ನೇ ನಮ್ಮತ್ತೆ ಮುಂದೆ ಒಂದ್ಸಲ ಹೇಳ್ಬುಡಿ ಸಿಸ್ಟರಮ್ಮ. ಇಲ್ದಿದ್ರೆ ಮನೆಯಿಂದ ನನ್ನ ಹೊರಗಾಕ್ತಾರೆ" ಎಂದಳು.

ಹೋದೆ. ಅತ್ತೆ ಮಣೆ ಹಾಕಿ ಮಜ್ಜಿಗೆ ಕೊಟ್ಟಳು. "ನೀವು ಪುಣ್ಯಾತ್ಗಿತ್ತಿ. ಅವ್ಳಿಗೆ ನೆಳ್ಳು ಕೊಡ್ಸಿದ್ರಿ, ಅವ್ಳೇ ಉಳಿಸ್ಕಳ್ಳಿಲ್ಲ." ಬಾಗಿಲ ಮರೆಯಲ್ಲಿ ಗಂಗಮ್ಮ ನಿಂತಿದ್ದಳು. ನಾನು ಡಬ್ಬಿಯ ಮಾತೆತ್ತದೆ ಮಜ್ಜಿಗೆ ಕುಡಿದು ಎದ್ದುಬಂದೆ. ಊರಲ್ಲಿ ನನ್ನ ಹೆಸರು ಕೆಡುತ್ತದೆಂಬ ಹೆದರಿಕೆ, ಬೇರೇನಲ್ಲ.

ಆ ವಾರವೇ ಅವಳನ್ನು ಮಗುವಿನ ಸಮೇತ ಯಗಟಿಯ ತವರಿಗೆ ಅಟ್ಟಿದರು. ಆಮೇಲೆ ನಾನು ಮೇಸ್ತ್ರಿಯೊಡನೆ ಜಗಳವಾಡಿ ಬಸುರಿಯರನ್ನು ಆ ಕೆಲಸದಿಂದ ಬಿಡಿಸಿದೆ. ನಿವೃತ್ತಿಯಾಗುವವರೆಗೂ ಪ್ರತಿ ಬಸುರಿಯನ್ನೂ ಕೇಳಿದೆ: ಕೆಲಸದಲ್ಲಿ ನಿನ್ನ ಕೈ ಯಾವುದನ್ನು ಮುಟ್ಟುತ್ತದೆ? ಡಬ್ಬಿ ಓದುವುದನ್ನು ಈ ವೃತ್ತಿ ನನಗೆ ಕಲಿಸಿತು. ತಪ್ಪು ನನ್ನದೆಂದು ಬಾಯಿಬಿಟ್ಟು ಹೇಳುವುದನ್ನೂ ಕಲಿಸಿತು. ಅಷ್ಟರಲ್ಲಿ ಗಂಗಮ್ಮ ಯಗಟಿಯ ಬಸ್ಸು ಹತ್ತಿಯಾಗಿತ್ತು.