ಪಟ್ಟಿ ತುಂಬುವ ಮುನ್ನ ಮಾಡಿದ ಪೂಜೆ

ಮನೆಯಲ್ಲಿ ಯಾರಾದರೂ ಫ್ಯಾನಿನ ಕೆಳಗೆ ಸುಖವಾಗಿ ಕುಳಿತಿದ್ದರೆ, ನಾನು ಆ ದಾರಿಯಲ್ಲಿ ಹಾದುಹೋದ ಮೇಲೆ ಅದು ನಿಂತಿರುತ್ತದೆ. ನನಗೆ ಯಾರ ಮೇಲೂ ದ್ವೇಷವಿಲ್ಲ. ಗುಂಡಿ ಕಂಡರೆ ಆರಿಸುವುದು ನನ್ನ ಕೈಗೆ ಅಂಟಿಕೊಂಡ ಚಟ. ಬೈಲಹೊಂಗಲದ ಪೇಟೆಯಲ್ಲಿ ಬಹಳ ವರ್ಷ ಅಚ್ಚಿನ ಮೊಳೆ ಜೋಡಿಸಿ ಲಗ್ನಪತ್ರಿಕೆ ಮುದ್ರಿಸಿದವನು ನಾನು. ಆ ಕಬ್ಬಿಣದ ಯಂತ್ರವನ್ನು ಒರೆಸಬೇಕಾದರೂ, ಎಣ್ಣೆ ಬಿಡಬೇಕಾದರೂ ಮೊದಲು ನಿಲ್ಲಿಸಬೇಕಿತ್ತು. ನನ್ನ ಹತ್ತೂ ಬೆರಳುಗಳು ಇಂದಿಗೂ ಜೊತೆಗಿರುವುದು ಆ ಚಟದ ಪುಣ್ಯವೇ. ಆದರೆ ಅದೇ ಬೆರಳುಗಳು ಒಮ್ಮೆ ಒಬ್ಬ ಹೆಣ್ಣುಮಗಳ ಹೆಸರು ಕೆಡಿಸಿದವು. ಆಗ ಬೆರಳಿಗಿಂತ ಹೆಚ್ಚು ಕೆಟ್ಟದ್ದು ನನ್ನ ನಾಲಿಗೆ.

ಕಂಪ್ಯೂಟರ್ ಬಂದು ನನ್ನ ಮುದ್ರಣಾಲಯ ಮುಚ್ಚಿದ ಮೇಲೆ, ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ, ಅಂಗಡಿಯನ್ನು ಗೆಳೆಯ ದಸ್ತಗೀರಸಾಬನ ಫೋಟೊ ಸ್ಟುಡಿಯೊಗೆ ಬಿಟ್ಟುಕೊಟ್ಟಿದ್ದೆ. ಬಿಟ್ಟುಕೊಟ್ಟೆನೆಂಬುದು ಹೇಳಿಕೆಗೆ ಮಾತ್ರ. ದಿನವೂ ಹೋಗಿ ಅಲ್ಲಿಯೇ ಕೂರುತ್ತಿದ್ದೆ. ಅವನ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಸಿ ಮತ್ತು ಡಿ ಎಂದು ಎರಡು ಭಾಗ ಮಾಡಿದ್ದರು. ಯಂತ್ರದ ಸಂಸಾರವೆಲ್ಲ ಸಿ ಭಾಗದಲ್ಲಿ, ಫೋಟೊಗಳೆಲ್ಲ ಡಿ ಭಾಗದಲ್ಲಿ. ಸಿ ಉಸಿರುಗಟ್ಟುವಷ್ಟು ತುಂಬಿತ್ತು, ಡಿಯಲ್ಲಿ ಇನ್ನೂ ಜಾಗವಿತ್ತು. ಇದನ್ನು ಸರಿಪಡಿಸಲು ಅವನು ಮಹಾದೇವಿ ಅಕ್ಕನವರನ್ನು ಕರೆಸಿದ. ಸಂಪಗಾಂವದಿಂದ ಬಂದು ನಮ್ಮ ಊರಿನಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ಹೆಣ್ಣುಮಗಳು ಆಕೆ. ನನಗಿಂತ ಮೂವತ್ತು ವರ್ಷ ಚಿಕ್ಕವಳಾದರೂ ಕಲಿಸುವವಳಾದ್ದರಿಂದ ಎಲ್ಲರಿಗೂ ಅಕ್ಕನೇ.

ಅವಳು ತಂದದ್ದು ಜಿಪಾರ್ಟೆಡ್ ಎಂಬ ತಂತ್ರಾಂಶದ ಒಂದು ಸಿ.ಡಿ. ಗೋಡೆ ಒಡೆಯದೆ ಒಂದು ಕೋಣೆಯನ್ನು ಕುಗ್ಗಿಸಿ ಇನ್ನೊಂದನ್ನು ಹಿಗ್ಗಿಸುವ ಉಪಕರಣ ಅದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಅದನ್ನು ನಡೆಸುವ ಒಳಗಿನ ಬರಹವನ್ನೂ ತೆರೆದು ನೋಡಬಹುದು ಎಂದಳು.

"ಪುಕ್ಕಟೆ ಅಂದ್ರ ಭರೋಸಾ ಐತೇನ್ರಿ ಅಕ್ಕಾರ?" ಎಂದು ದಸ್ತಗೀರ ಕೇಳಿದ.

"ಬಿಸಿಲು ಪುಕ್ಕಟೆ ಸಿಗತೈತಿ, ಅದರಾಗ ನೀವು ಫೋಟೊ ತಗಿಯೂದಿಲ್ಲೇನ್ರಿ?" ಎಂದು ನಕ್ಕಳು. ಕರೆಂಟು ಕೈಕೊಡಬಾರದೆಂದು ತನ್ನ ತರಗತಿಯ ಯು.ಪಿ.ಎಸ್. ಹೊರಿಸಿಕೊಂಡು ಬಂದಿದ್ದಳು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇರುವೆಯಂತೆ ಹರಿಯತೊಡಗಿತು. "ಈ ಪಟ್ಟಿ ತುಂಬೂತನಾ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ತರಗತಿಗೆ ಹೋದಳು. ಅಂದು ಶುಕ್ರವಾರ, ದಸ್ತಗೀರ ನಮಾಜಿಗೆ ಹೋದ. ಅಂಗಡಿಯಲ್ಲಿ ಉಳಿದವನು ನಾನೊಬ್ಬನೇ.

ಅಂದು ಅಮಾವಾಸ್ಯೆಯೂ ಆಗಿತ್ತು. ಅಮಾವಾಸ್ಯೆಯ ದಿನ ಯಂತ್ರಕ್ಕೆ ಪೂಜೆಯಾಗಬೇಕು. ಕಬ್ಬಿಣದ್ದು ಹೋದ ಮೇಲೆ ಆ ಮರ್ಯಾದೆಯನ್ನು ಕಂಪ್ಯೂಟರಿಗೆ ವರ್ಗಾಯಿಸಿದ್ದೆ. ದಸ್ತಗೀರನ ತಕರಾರೇನೂ ಇರಲಿಲ್ಲ, ಹೂವು ಅವನೇ ತರುತ್ತಿದ್ದ. ಬಟ್ಟೆ ಒದ್ದೆ ಮಾಡಿಕೊಂಡೆ, ವಿಭೂತಿ ತೆಗೆದುಕೊಂಡೆ. ನಡೆಯುವ ಯಂತ್ರವನ್ನು ಒರೆಸುವುದುಂಟೇ? ನೀವು ನಂಬಬೇಕು, ಯೋಚನೆ ಬರುವ ಮೊದಲೇ ಹೆಬ್ಬೆರಳು ಯು.ಪಿ.ಎಸ್. ಗುಂಡಿ ಒತ್ತಿಯಾಗಿತ್ತು. ಪರದೆ ಕಪ್ಪಾಯಿತು. ಆ ಕಪ್ಪಿನ ಮೇಲೆ ಮೂರೆಳೆ ವಿಭೂತಿ ಬಹಳ ಚೆನ್ನಾಗಿ ಒಪ್ಪಿತೆಂದು ಮೆಚ್ಚಿಕೊಳ್ಳುತ್ತಿದ್ದಾಗಲೇ ಅಕ್ಕನ ಮಾತು ನೆನಪಾಯಿತು.

ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಡಿ ಎಂಬ ಭಾಗವೇ ಕಾಣಲಿಲ್ಲ. ಕಟಕೋಳದ ಒಂದು ಮದುವೆಯ ಫೋಟೊಗಳಷ್ಟೂ ಅದರಲ್ಲಿದ್ದವು. ಕ್ಯಾಮೆರಾದ ಕಾರ್ಡನ್ನು ದಸ್ತಗೀರ ಆಗಲೇ ಬರಿದು ಮಾಡಿದ್ದ. ಅವನು ಬಂದು ತಲೆಯ ಮೇಲೆ ಕೈಹೊತ್ತು, "ಏನಾತೋ ಈರಪ್ಪಾ?" ಎಂದು ಕೇಳಿದ.

"ತಾನ ಬಂದ್ ಆತೋ" ಎಂದೆ.

ಒಂದೇ ಮಾತು. ಆದರೆ ಪುಕ್ಕಟೆಯ ಮೇಲೆ ಪೇಟೆಗೆ ಮೊದಲೇ ಗುಮಾನಿ. ನನ್ನ ಸುಳ್ಳಿಗೆ ನಾನು ಕಾಲು ಜೋಡಿಸಬೇಕಾಗಿಯೇ ಬರಲಿಲ್ಲ. ಅಕ್ಕ ಪುಕ್ಕಟೆ ಸಿ.ಡಿ. ಹಾಕಿ ಡಿಸ್ಕ್ ಕೆಡಿಸಿದಳಂತೆ ಎಂಬ ಸುದ್ದಿ ಬಸ್ಸು ಹತ್ತಿ ಕಿತ್ತೂರು ಮುಟ್ಟಿತು. ಅಲ್ಲಿಯ ಒಂದು ಶಾಲೆಯ ಕಂಪ್ಯೂಟರುಗಳನ್ನೆಲ್ಲ ಅವಳೇ ಸಿದ್ಧಪಡಿಸಬೇಕೆಂದು ಮಾತಾಗಿತ್ತು. ಸದ್ಯಕ್ಕೆ ಬೇಡವೆಂದು ಹೇಳಿಕಳಿಸಿದರು. ಆ ಸಿ.ಡಿ. ಮಾಡಿದವರು ಯಾವ ದೇಶದಲ್ಲಿದ್ದರೋ, ಬೈಲಹೊಂಗಲಕ್ಕೆ ಬಂದು ತಮ್ಮದೇನೂ ತಪ್ಪಿಲ್ಲವೆಂದು ಹೇಳುವವರಲ್ಲ. ಅಕ್ಕನೋ ತನ್ನದೇ ತಪ್ಪೆಂದು ನಂಬಿಬಿಟ್ಟಿದ್ದಳು.

ಅವಳು ಫೋಟೊರೆಕ್ ಎಂಬ ಇನ್ನೊಂದು ಪುಕ್ಕಟೆ ತಂತ್ರಾಂಶ ತಂದು ಎರಡು ದಿನ ಆ ಡಿಸ್ಕನ್ನು ಕೆದಕಿದಳು. ಸಾಮಾನು ಸಾಗಿಸುವಾಗ ಅರ್ಧಕ್ಕೆ ನಿಂತ ಮನೆಯಂತಾಗಿತ್ತಂತೆ ಅದು; ವಸ್ತುಗಳು ಒಳಗೇ ಇವೆ, ಯಾವುದು ಎಲ್ಲಿ ಎಂಬ ಗುರುತು ಮಾತ್ರ ಅಳಿಸಿದೆ. ಫೋಟೊಗಳು ಒಂದೊಂದಾಗಿ ಮೇಲೆದ್ದು ಬಂದವು, ಹೆಸರಿಲ್ಲದೆ, ಸಾಲುಗೆಟ್ಟು. ಕಟಕೋಳದ ಮದುಮಗನ ಪಕ್ಕದಲ್ಲಿ ಉಗರಗೋಳದ ಯಾರದೋ ಎತ್ತು ನಿಂತಿತ್ತು. "ಇವರಿಬ್ಬರೊಳಗ ಎತ್ತಿಂದ ನಗಮಾರಿ ಐತಿ ನೋಡೋ" ಎಂದು ದಸ್ತಗೀರ ಅಳುವುದನ್ನು ಬಿಟ್ಟು ನಕ್ಕ. ಅಕ್ಷತೆಯ ಫೋಟೊ ಬಂದಾಗ ಮೂವರೂ ನೆಮ್ಮದಿಯ ಉಸಿರು ಬಿಟ್ಟೆವು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಅಕ್ಕ ಸಿ.ಡಿ.ಯನ್ನು ಚೀಲಕ್ಕೆ ಹಾಕುತ್ತ, "ಸಾಬರ, ಇನ್ನ ಮ್ಯಾಲೆ ಈ ರಿಪೇರಿ ಕೆಲಸಾ ಬಿಡತೇನ್ರಿ. ಬರೇ ಟೈಪಿಂಗ್ ಕಲಸ್ತೇನಿ. ನನ್ನ ಕೈಗೆ ಇದು ಒಗ್ಗೂದಿಲ್ಲ" ಎಂದಳು.

ಕೈ ಯಾರದು ಎಂಬುದು ನನಗೊಬ್ಬನಿಗೇ ಗೊತ್ತಿತ್ತು. "ಅಕ್ಕಾರ, ಅದು ತಾನ ಬಂದ್ ಆಗಿಲ್ರಿ. ಬಂದ್ ಮಾಡಿದಾಂವ ನಾನ. ಪೂಜಿ ಮಾಡಾಕ" ಎಂದೆ.

ದಸ್ತಗೀರ ಬೈದ ಬೈಗಳನ್ನು ಇಲ್ಲಿ ಬರೆಯುವಂತಿಲ್ಲ. ಅಕ್ಕ ಚೀಲವನ್ನು ಕೆಳಗಿಟ್ಟು, "ಮುಟ್ಟಬ್ಯಾಡ್ರಿ ಅಂದಿದ್ದೆ. ಪೂಜಿ ಮಾಡಬ್ಯಾಡ್ರಿ ಅಂತ ಬಿಡಿಸಿ ಹೇಳಬೇಕಾಗಿತ್ತು ನೋಡ್ರಿ" ಎಂದಳು. ನಗಲಿಲ್ಲ. ಕಣ್ಣು ಒರೆಸಿಕೊಂಡಳು. "ಎರಡು ದಿನಾ ನನ್ನ ಮ್ಯಾಲೆ ನನಗ ಭರೋಸಾ ಇರಲಿಲ್ಲಲ್ರೀ ಕಾಕಾ."

ಆ ಮಾತಿಗೆ ಕ್ಷಮೆ ಕೇಳಿದರೆ ಸಾಲದೆನಿಸಿತು. ಮರುದಿನ ಅವಳ ಜೊತೆಗೆ ಕಿತ್ತೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಒಳಗೊಳಗೇ ಜೋಡಿಸಿದ್ದೆ. ಮುಖ್ಯೋಪಾಧ್ಯಾಯರ ಮುಂದೆ ನಿಂತಾಗ ಜೋಡಿಸಿದ್ದೆಲ್ಲ ಚದುರಿತು.

"ನೀವು ಯಾರ್ರಿ?" ಎಂದರು ಅವರು.

"ಆ ಡಿಸ್ಕ್ ಕೆಡಿಸಿದಾಂವ ನಾನ್ರೀ ಸರ್. ಇವರು ಸರಿ ಮಾಡಿದವರು. ಸಿ.ಡಿ.ದೂ ತಪ್ಪಿಲ್ಲ."

ಪೂಜೆಯ ಕಥೆ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಮೇಜಿನ ಖಾನೆಯಿಂದ ಕಂಪ್ಯೂಟರ್ ಕೋಣೆಯ ಕೀಲಿ ತೆಗೆದು ಅಕ್ಕನ ಕೈಗಿಟ್ಟರು. ಅವಳು ಬಾಗಿಲು ತೆರೆದಳು. ಅಭ್ಯಾಸಬಲದಿಂದ ನಾನೂ ಹಿಂದೆ ಹೆಜ್ಜೆ ಹಾಕಿದೆ.

"ನೀವು ಹೊರಗ ಕುಂದರ್ರಿ ಕಾಕಾ" ಎಂದಳು, ಈ ಸಲ ನಗುತ್ತ.

ವರಾಂಡದ ಬೆಂಚಿನ ಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಕುಳಿತೆ. ಒಳಗೆ ಒಂದೊಂದೇ ಕಂಪ್ಯೂಟರು ಸದ್ದು ಮಾಡಿ ಶುರುವಾಗುವುದು ಕೇಳುತ್ತಿತ್ತು. ಅಷ್ಟು ಹಗುರವಾಗಿ ನಾನು ಎಲ್ಲಿಯೂ ಕುಳಿತದ್ದಿಲ್ಲ.