ಸೊಂಟದುದ್ದ ನೀರು

ಹಾಯಿ ನೀರಿನ ಮೇಲೆ ಬಿತ್ತು. ಅದರಡಿ ನನ್ನ ಮಗಳು ಬಿದ್ದಳು. ನಾನು ದಡದಲ್ಲಿ ನಿಂತು ನಗುತ್ತಿದ್ದೆ.

"ಎದ್ದು ನಿಲ್ಲೇ, ಸೊಂಟದುದ್ದ ನೀರು ಕಣೇ!" ಅಂತ ಕೂಗಿದ್ದೂ ನಾನೇ. ಅವಳು ಏಳಲಿಲ್ಲ. ಹಾಯಿ ಒಂದು ಸಲ ಉಬ್ಬಿತು, ಒಳಗಿನಿಂದ ಯಾರೋ ಗುದ್ದಿದ ಹಾಗೆ. ಆಮೇಲೆ ಅದೂ ಇಲ್ಲ.

ಇರಿ, ಮೊದಲಿಂದ ಹೇಳುತ್ತೇನೆ. ಇದನ್ನು ಹೇಳದೆ ಈ ವಾರ ಬೇರೇನನ್ನೂ ಬರೆಯಲು ಕೈ ಬರುತ್ತಿಲ್ಲ.

ಮಗಳು ಸಿಂಚನಾಗೆ ಹತ್ತೊಂಬತ್ತು. ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಹೋದ ವರ್ಷ ಒಂದು ಕ್ಯಾಂಪಿಗೆ ಹೋದವಳು ವಿಂಡ್‌ಸರ್ಫಿಂಗ್ ಹುಚ್ಚು ಹತ್ತಿಸಿಕೊಂಡು ಬಂದಳು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನೀರಿನ ಮೇಲೊಂದು ಉದ್ದನೆಯ ಹಲಗೆ, ಅದಕ್ಕೊಂದು ಹಾಯಿ. ಹಾಯಿ ಹಿಡಿದು ನಿಂತರೆ ಗಾಳಿ ಎಳೆದುಕೊಂಡು ಹೋಗುತ್ತದೆ. (ಸಮುದ್ರವೇ ಇಲ್ಲದ ಜಿಲ್ಲೆಯ ಹುಡುಗಿಗೆ ಇಂಥದ್ದೇ ಯಾಕೆ ಬೇಕಿತ್ತು ಅಂತ ನನ್ನ ಅತ್ತೆ ಇನ್ನೂ ಕೇಳುತ್ತಿದ್ದಾರೆ.) ರಾಜ್ಯ ಟೀಮಿನ ಸೆಲೆಕ್ಷನ್‌ಗೆ ಮೂರು ವಾರ ಇತ್ತು. ನೇರ ಹೋಗುವುದರಲ್ಲಿ ಅವಳು ಗಟ್ಟಿಗಿತ್ತಿ. ತಿರುವು ಬಂತೋ, ದಬಕ್ಕಂತ ಬೀಳುತ್ತಿದ್ದಳು.

ತಿರುಗುವಾಗ ಹಾಯಿಯ ಕಂಬವನ್ನು ಸುತ್ತಿ ಈ ಕಡೆಯಿಂದ ಆ ಕಡೆಗೆ ಹೆಜ್ಜೆ ಬದಲಿಸಬೇಕಂತೆ. ಅದನ್ನು ಬಿದ್ದು ಬಿದ್ದೇ ಕಲಿಯಬೇಕು. ಆಳದಲ್ಲಿ ಬಿದ್ದರೆ ಮತ್ತೆ ಹಲಗೆ ಹತ್ತುವುದರಲ್ಲೇ ಸುಸ್ತು. ಸೊಂಟದುದ್ದ ನೀರಾದರೆ ಎದ್ದು ನಿಂತು, ಹಾಯಿ ಎತ್ತಿ, ತಕ್ಷಣ ಶುರು ಮಾಡಬಹುದು.

"ಅಮ್ಮಾ, ಆಳ ಇಲ್ದಿರೋ, ಗಾಳಿ ಇರೋ ಒಂದು ಜಾಗ ಹುಡ್ಕಿಕೊಡು. ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದಳು.

ಇಷ್ಟೊಂದು ಕೆರೆಗಳಿರುವ ಜಿಲ್ಲೆಯಲ್ಲಿ ಅದೇನು ದೊಡ್ಡ ವಿಷಯ?

ಆ ಕ್ಯಾಂಪಿನ ಕೋಚ್ ಕೊಟ್ಟ ಹಳೇ ಬೋರ್ಡನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಎರಡು ಭಾನುವಾರ ಅಲೆದೆವು. ತುಮಕೂರಿನ ಕೆರೆಯಲ್ಲಿ ಗಾರ್ಡ್ ಒಳಗೇ ಬಿಡಲಿಲ್ಲ. ಗುಬ್ಬಿ ಕಡೆಯ ಒಂದು ಕೆರೆಯಲ್ಲಿ ನೀರಿಗಿಂತ ಜೊಂಡೇ ಹೆಚ್ಚು. ಅಲ್ಲಿನ ಟೀ ಅಂಗಡಿಯವನು ಸುತ್ತಿಟ್ಟ ಹಾಯಿ ನೋಡಿ, "ಪೆಂಡಾಲ್‌ದಾ ಮೇಡಂ? ಯಾರ್ ಮನೆ ಫಂಕ್ಷನ್ನು?" ಅಂದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕುಣಿಗಲ್ ದೊಡ್ಡ ಕೆರೆಯಲ್ಲಿ ಗಾಳಿಯೇನೋ ಭರ್ಜರಿ. ಆದರೆ ಏರಿಯ ಪಕ್ಕದಲ್ಲೇ ಆಳ.

ಆಗ ನನಗೆ ನಮ್ಮೂರ ಕೆರೆ ನೆನಪಾಯಿತು. ಕುಣಿಗಲ್‌ನಿಂದ ಅಮೃತೂರು ಕಡೆ ಹೋಗುವಾಗ ಸಿಗುವ ನನ್ನ ತವರು. (ಊರಿನ ಹೆಸರು ಬೇಡ, ಬಿಡಿ.) ನಾನು ಈಜು ಕಲಿತದ್ದು ಅಲ್ಲೇ. ಹುಣಸೆ ಮರದ ಎದುರು ನೀರಿಗಿಳಿದು ಐವತ್ತು ಹೆಜ್ಜೆ ನಡೆದರೂ ಸೊಂಟ ಮುಳುಗುತ್ತಿರಲಿಲ್ಲ. ಕಾಲಡಿ ಗಟ್ಟಿ ನೆಲ. ನನಗೆ ಗೊತ್ತಿಲ್ಲದ ಕೆರೆಯೇ ಅದು?

ಎಷ್ಟು ಗೊತ್ತಿತ್ತೆಂದರೆ, ಲೈಫ್ ಜಾಕೆಟ್ ಹಾಕಿಕೊಳ್ಳುತ್ತಿದ್ದ ಮಗಳಿಗೆ, "ಇಷ್ಟು ನೀರಿಗೆ ಅದ್ಯಾಕೆ? ತೋಳು ಆಡಲ್ಲ ಅಂತ ನೀನೇ ಗೋಳಾಡ್ತೀಯ" ಅಂದೆ. ಅವಳು ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅವಳು ಹಾಯಿಯಡಿ ಮುಳುಗುವಾಗ ಆ ಜಾಕೆಟ್ಟು ನನ್ನ ತೋಳಿನಲ್ಲಿ ನೇತಾಡುತ್ತಿತ್ತು.

ಅವಳನ್ನು ಉಳಿಸಿದ್ದು ನಾನಲ್ಲ. ನನ್ನ ಕಾಲು ಕಿತ್ತಿಡಲೇ ಆಗಲಿಲ್ಲ. ಹತ್ತಿರದಲ್ಲೇ ತೆಪ್ಪದ ಮೇಲೆ ಕೂತು ಬಲೆ ಎಳೆಯುತ್ತಿದ್ದ ಕೆಂಚಣ್ಣ, ಊರಿನ ಹಳೇ ಮೀನುಗಾರ, ಬಂದು ಹಾಯಿ ಎತ್ತಿ ಬಿಸಾಕಿ, ಜುಟ್ಟು ಹಿಡಿದು ಮೇಲಕ್ಕೆಳೆದರು. ದಡದಲ್ಲಿ ಮಲಗಿಸಿದ ಮೇಲೆ ಸಿಂಚನಾ ನೀರು ಕಕ್ಕಿದಳು, ಕೆಮ್ಮಿದಳು, ಉಸಿರಾಡಿದಳು. ನಾನು ಅತ್ತೆ. ನಾಚಿಕೆ ಬಿಟ್ಟು, ಜೋರಾಗಿ ಅತ್ತೆ.

"ಇಲ್ಲಿಗ್ ಯಾಕ್ರವ್ವಾ ಬುಟ್ರಿ ಮಗೀನ? ಇಲ್ಲಿ ನೆಲ ಎಲ್ಲೈತೆ?" ಕೆಂಚಣ್ಣ ಕೇಳಿದರು.

"ಇಲ್ಲಿ ಸೊಂಟದುದ್ದ ಅಲ್ವಾ ಕೆಂಚಣ್ಣ?"

"ಅದು ನಿಮ್ ಕಾಲ್ದಲ್ಲಿ. ಹೋದ್ ಬ್ಯಾಸ್ಗೇಲಿ ಜೇಸಿಬಿ ಬುಟ್ಟು ಗೋಡು ಬಗೀಲಿಲ್ವಾ? ಎರಡಾಳುದ್ದ ಗುಂಡಿ ಐತೆ." ಬಲೆ ಮಡಚುತ್ತಾ ಹೇಳಿದರು: "ನೀವೂ ನಿಂತಿದ್ರಲ್ಲವ್ವಾ. ಇಲ್ಲೀದು ಕರ್ರಗೆ ಚೆನ್ನಾಗಿದೆ, ಇಲ್ಲೇ ತುಂಬ್ರಪ್ಪಾ ಅಂತ ನೀವೇ ತೋರ್ಸಿದ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಹೌದು, ತೋರಿಸಿದ್ದು ನಾನೇ. ಗೋಡು ಅಂದರೆ ಕೆರೆ ತಳದ ಕಪ್ಪು ಮಣ್ಣು. ತೆಂಗಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಕೆರೆ ಒಣಗಿದ್ದಾಗ ನನ್ನ ಪಾಲಿಗೆ ಬಂದ ತೋಟಕ್ಕೆ ಟ್ರಾಕ್ಟರ್‌ಗಟ್ಟಲೆ ಹೊಡೆಸಿದ್ದೆ. ನಮ್ಮಪ್ಪನ ಕಾಲದಲ್ಲಿ ಎತ್ತಿನಗಾಡಿಯವರು ಮೇಲ್ಮೇಲಿನ ಪದರ ಕೆರೆದು ತರುತ್ತಿದ್ದರು, ತಳ ಸಮನಾಗಿಯೇ ಉಳಿಯುತ್ತಿತ್ತು. ನಮಗೆ ಅಷ್ಟು ಪುರುಸೊತ್ತು ಎಲ್ಲಿದೆ? ಒಳ್ಳೆ ಮಣ್ಣು ಕಂಡಲ್ಲಿ ಬಾವಿ ತೋಡಿದ ಹಾಗೆ ತೋಡಿಸಿದೆವು. (ಹೂಳೆತ್ತಿ, ಕೆರೆ ಉಳಿಸಿ ಅಂತ ಇದೇ ಅಂಕಣದಲ್ಲಿ ಭಾಷಣ ಬಿಗಿದವಳೂ ನಾನೇ. ಓದಿ ಫೋನ್ ಮಾಡಿ ಹೊಗಳಿದವರು ಈಗ ಉಗಿಯಬಹುದು.)

ಆಮೇಲೆ ಮಳೆ ಬಂತು, ಕೆರೆ ತುಂಬಿತು. ತುಂಬಿದ ಮೇಲೆ ಹಳ್ಳ ಯಾವುದು, ದಿಣ್ಣೆ ಯಾವುದು? ನಾನು ಮರೆತೆ. ಮರೆತೆ ಅಂದರೂ ಸುಳ್ಳಾದೀತು. ತೋಟಕ್ಕೆ ಬಂದ ಮಣ್ಣು ನಾನು ಈಜು ಕಲಿತ ನೆಲದ್ದೇ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಸೆಲೆಕ್ಷನ್ ಮುಗಿಯಿತು. ಸಿಂಚನಾ ಹೋಗಲಿಲ್ಲ. ಬೋರ್ಡನ್ನು ಕೋಚ್‌ಗೆ ವಾಪಸ್ ಕೊಟ್ಟು ಬಂದಳು. ನೀರಿನ ಭಯವಾ ಅಂತ ಕೇಳಿದೆ.

"ಆಳದ ಭಯ ನಂಗ್ಯಾವತ್ತೂ ಇರ್ಲಿಲ್ಲಮ್ಮಾ" ಅಂದಳು. "ಆಳ ಅಂತ ಗೊತ್ತಿದ್ರೆ ಈಜ್ತೀನಿ. ಅವತ್ತು ನಾನು ಈಜೋಕೇ ಹೋಗ್ಲಿಲ್ಲ. ನೀನು ಹೇಳಿದ್ದೆ ಅಂತ ನೆಲ ಹುಡುಕ್ತಾ ಇದ್ದೆ."

ನನ್ನ ಮೇಲೆ ಅವಳಿಗೆ ಕೋಪವಿಲ್ಲ. ಬಡಿಸಿದ್ದು ಉಣ್ಣುತ್ತಾಳೆ, ಕಾಲೇಜಿನ ಸುದ್ದಿ ಹೇಳುತ್ತಾಳೆ. ನಿನ್ನೆ ಬೆಳಿಗ್ಗೆ ಗುಬ್ಬಿಯ ಗೆಳತಿಯ ಮನೆಗೆ ಹೊರಟವಳು ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದಳು. ಹೇಳಿದೆ. ತಲೆಯಾಡಿಸಿ ಹೊರಗೆ ಹೋದಳು.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅವರಪ್ಪನನ್ನು ಅದನ್ನೇ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಳು. ಹಾಗೆ ಕೇಳಿದ್ದು ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ?