ರಿಮ್ಮಿನ ಜಗಳ

ಕಗ್ಗದಾಸಪುರದ ಬೈರಮ್ಮನ ಮೊಮ್ಮಗಳು ಹಂಸಳಿಗೆ ಜಗಳಗಂಟಿ ಎಂದೇ ಹೆಸರು. ಇಬ್ಬಿಬ್ಬರ ಜೋಡಿಗಳು ನೆಲದ ಮೇಲಿನ ದುಂಡು ಬಲೆಗೆ ಚೆಂಡು ಬಡಿದು ಪುಟಿಸುವ ರೌಂಡ್‌ನೆಟ್ ಆಟದಲ್ಲಂತೂ ಅವಳು ಒಂದು ಪಾಯಿಂಟನ್ನೂ ವಾದಿಸದೆ ಬಿಟ್ಟವಳಲ್ಲ.

ಇಂದಿರಾನಗರದ ಫೈನಲ್‌ನಲ್ಲಿ ಅವಳ ಗೆಲುವಿನ ಹೊಡೆತ ಬಲೆಯ ಸುತ್ತಲಿನ ರಿಮ್ಮಿಗೆ ತಗುಲಿತು. ತಗುಲಿದರೆ ಪಾಯಿಂಟ್ ಎದುರಾಳಿಗಳದು. ಟಕ್ ಎಂದದ್ದು ಹಂಸಳ ಕಿವಿಗೆ ಮಾತ್ರ ಬಿತ್ತು. ಅಂಪೈರ್ ಪಾಯಿಂಟನ್ನು ಇವಳಿಗೇ ಕೊಟ್ಟರು.

"ಸಾರ್, ರಿಮ್ಮಿಗೆ ಬಡೀತು. ಪಾಯಿಂಟ್ ಅವ್ರದು."

"ಕೊಟ್ಟಾಯ್ತಲ್ಲಮ್ಮ, ಬಿಡು."

"ಅದ್ಹೆಂಗ್ ಬಿಡ್ಲಿ? ಹೊಡ್ದೋಳು ನಾನೋ, ನೀವೋ?"

ಅವಳ ವಾದ ಕೇಳಿ ಸಾಕಾಗಿ ಅಂಪೈರ್ ತೀರ್ಪು ಬದಲಿಸಿದರು. ಅಲ್ಲಿಂದ ಆಟ ತಿರುಗಿತು. ಹಂಸಳ ಜೋಡಿ ಸೋತಿತು.

ಸಂಜೆ ಪಕ್ಕದ ಮನೆಯವಳು, "ಮೊಮ್ಮಗಳು ಸೋತ್ಲಂತಲ್ಲ?" ಎಂದು ಕೇಳಿದಳು.

ಬೈರಮ್ಮ ಎಲೆಅಡಿಕೆ ಉಗಿದು, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಆಟ ಸೋತವ್ಳೆ ಕಣೇ. ಜಗಳ ಗೆದ್ದವ್ಳೆ!"